ಕು-ರೊ ಎಂದರೆ ಒಟ್ಟು

ಮೂರೂವರೆ ಸಾವಿರ ವರ್ಷಗಳ ಹಿಂದೆ ಕ್ರೀಟ್ ದ್ವೀಪದಲ್ಲಿ ಬರೆದಿಟ್ಟ ನುಡಿಯನ್ನು ಇಂದು ಬಾಯಿಬಿಟ್ಟು ಓದಬಹುದು. ಅದು ಏನು ಹೇಳುತ್ತಿದೆ ಎಂದು ಮಾತ್ರ ತಿಳಿಯದು. ಆದರೂ ಅದು ಯಾರ ನುಡಿ ಎಂಬ ವಾದ ನೂರು ವರ್ಷದಿಂದ ನಿಂತಿಲ್ಲ.

ಅಂಗೈಯಲ್ಲಿ ಹಿಡಿಸುವ ಒಂದು ಮಣ್ಣಿನ ಹಲಗೆ. ಮೆಡಿಟರೇನಿಯನ್ ಸಮುದ್ರದ ಕ್ರೀಟ್ ದ್ವೀಪದಲ್ಲಿ, ಹಾಗಿಯಾ ತ್ರಿಯಾದ ಎಂಬಲ್ಲಿ ಇಟಲಿಯ ಪುರಾತತ್ವಜ್ಞರು ಅಗೆದಾಗ ಸಿಕ್ಕಿದ್ದು. ವಿದ್ವಾಂಸರ ಪಟ್ಟಿಯಲ್ಲಿ ಅದಕ್ಕೆ ಎಚ್‌ಟಿ 13 ಎಂದು ಹೆಸರು. ಮಣ್ಣು ಹಸಿಯಾಗಿದ್ದಾಗಲೇ ಯಾರೋ ಗುಮಾಸ್ತ ಮೊನೆಯಾದ ಕಡ್ಡಿಯಿಂದ ಗೀರಿ ಬರೆದಿದ್ದಾನೆ. ಮೊದಲಿಗೆ ತಲೆಬರಹ, ಜೊತೆಗೆ ದ್ರಾಕ್ಷಾರಸದ ಗುರುತು. ಆಮೇಲೆ ಸಾಲಾಗಿ ಆರು ಹೆಸರು, ಪ್ರತಿಯೊಂದರ ಮುಂದೆ ಒಂದು ಸಂಖ್ಯೆ: ರೆ-ಜ 5½, ತೆ-ತು 56, ತೆ-ಕಿ 27½, ಕು-ಜು-ನಿ 18, ಕೊನೆಯ ಅಕ್ಷರ ಓದಲಾಗದ ಒಂದು ಹೆಸರು 19, ಮತ್ತೊಂದು ಹೆಸರು 5. ಕಟ್ಟಕಡೆಗೆ ಕು-ರೊ, 130½.

ಕಿರಾಣಿ ಅಂಗಡಿಯ ಖಾತೆ ಪುಸ್ತಕ ನೋಡಿದವರಿಗೆ ಕು-ರೊ ಎಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಅದು ‘ಒಟ್ಟು’. ಗುಮಾಸ್ತನ ಲೆಕ್ಕ ಸರಿಯಿದೆಯೇ ಎಂದು ಕೊನೆಯಲ್ಲಿ ನೋಡೋಣ. ಸದ್ಯಕ್ಕೆ ಇಷ್ಟು ಸಾಕು: ಈ ಭಾಷೆಯಲ್ಲಿ ಅರ್ಥ ಖಚಿತವಾಗಿ ಗೊತ್ತಿರುವ ಪದಗಳನ್ನು ಬೆರಳೆಣಿಸಿ ಹೇಳಬಹುದು. ಅವುಗಳಲ್ಲಿ ಮೊದಲನೆಯದು ಕು-ರೊ.

ಅರ್ಥ ಗೊತ್ತಿರುವ ಪದಗಳು ಇಷ್ಟು ಕಡಿಮೆ. ಆ ಭಾಷೆ ಯಾವ ಕುಲದ್ದು ಎಂಬ ಪ್ರಶ್ನೆಗೆ ಮಾತ್ರ ಉತ್ತರಗಳ ಸುಗ್ಗಿ. ಸೆಮಿಟಿಕ್ ಎಂದರು, ಅನಾತೋಲಿಯಾದ ಲೂವಿಯನ್ ಎಂದರು, ಎಟ್ರುಸ್ಕನ್ ಎಂದರು, ಗ್ರೀಕಿನ ಹಳೆಯ ರೂಪ ಎಂದರು, ಇಂಡೋ-ಇರಾನಿಯನ್ ಎಂದರು. ಅದನ್ನು ದ್ರಾವಿಡದ ಬಳಗಕ್ಕೆ ಎಳೆದವರೂ ಇದ್ದಾರೆ. ಮಾತು ತಿಳಿಯುವ ಮೊದಲೇ ಮಾತಾಡಿದವನ ಗೋತ್ರ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಇದರಷ್ಟು ಒಳ್ಳೆಯ ಕತೆ ಇನ್ನೊಂದಿಲ್ಲ.

ಬಾಣಂತಿಯರ ಕೊರಳ ಕಲ್ಲು

1894ರಲ್ಲಿ ಇಂಗ್ಲೆಂಡಿನ ಆರ್ಥರ್ ಇವಾನ್ಸ್ ಮೊದಲ ಬಾರಿ ಕ್ರೀಟಿಗೆ ಬಂದರು. ಅವರು ಅರಸಿ ಬಂದದ್ದು ಅರಮನೆಯನ್ನಲ್ಲ, ಬಟಾಣಿ ಕಾಳಿಗಿಂತ ಕೊಂಚ ದೊಡ್ಡದಾದ ಮುದ್ರೆಕಲ್ಲುಗಳನ್ನು. ಅಥೆನ್ಸಿನ ಹಳೆ ಸಾಮಾನಿನ ವ್ಯಾಪಾರಿಗಳ ಬಳಿ ಅಂಥವನ್ನು ಕಂಡಿದ್ದರು. ಅವುಗಳ ಮೇಲೆ ಕೊರೆದದ್ದು ಬರಿಯ ಅಲಂಕಾರವಲ್ಲ, ಬರವಣಿಗೆ ಎಂದು ಅವರಿಗೆ ಅನ್ನಿಸಿತ್ತು. ಕ್ರೀಟಿನ ಹಳ್ಳಿಗಳಿಗೆ ಹೋದರೆ ಅವೇ ಕಲ್ಲುಗಳು ಬಾಣಂತಿಯರ ಕೊರಳಲ್ಲಿ! ಹೊಲ ಉಳುವಾಗ ಸಿಕ್ಕಿದ್ದನ್ನು ಎದೆಹಾಲು ಬತ್ತದಿರಲಿ ಎಂದು ತಾಯಂದಿರು ಕಟ್ಟಿಕೊಂಡಿದ್ದರು. ಅಲ್ಲಿಯ ಮಾತಿನಲ್ಲಿ ಅವು ‘ಹಾಲುಗಲ್ಲು’ಗಳು. ಯಾವನೋ ಅಧಿಕಾರಿಯ ಮೊಹರು ಮೂರೂವರೆ ಸಾವಿರ ವರ್ಷದ ಮೇಲೆ ಮಗುವಿನ ಹಾಲಿಗೆ ಕಾವಲು ಕೂತಿತ್ತು.

1900ರ ಮಾರ್ಚ್ 23ರಂದು ಇವಾನ್ಸ್ ಕ್ನೋಸೊಸ್ ಎಂಬಲ್ಲಿ ತಾವೇ ಕೊಂಡ ಜಾಗದಲ್ಲಿ ಗುದ್ದಲಿ ಹಾಕಿಸಿದರು. ದೊಡ್ಡ ಅರಮನೆಯೇ ಹೊರಬಂತು. ಗ್ರೀಕ್ ಪುರಾಣದ ಮಿನೋಸ್ ರಾಜನ ಹೆಸರಿನಿಂದ ಅವರು ಆ ನಾಗರಿಕತೆಯನ್ನು ‘ಮಿನೋವನ್’ ಎಂದು ಕರೆದರು. ಅಲ್ಲಿಯ ಜನ ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಿದ್ದರು ಎಂಬುದು ಅವರ ಭಾಷೆಯ ಜೊತೆಗೇ ಹೋಯಿತು. ಈಜಿಪ್ಟಿನವರು ಮಾತ್ರ ಅವರನ್ನು ‘ಕೆಫ್ತಿಯು’ ಎನ್ನುತ್ತಿದ್ದರು. ರೆಖ್ಮಿರೆ ಎಂಬ ಮಂತ್ರಿಯ ಗೋರಿಯ ಗೋಡೆಯ ಮೇಲೆ, ಬಣ್ಣದ ಸೊಂಟವಸ್ತ್ರ ಉಟ್ಟು ಕಾಣಿಕೆ ಹೊತ್ತು ತರುವ ಕೆಫ್ತಿಯು ಜನರ ಚಿತ್ರ ಈಗಲೂ ಇದೆ.

ಅಗೆತದಲ್ಲಿ ಮೂರು ಬಗೆಯ ಬರಹ ಕಂಡವು. ಮುದ್ರೆಗಳ ಮೇಲಿನ ಚಿತ್ರದಂಥ ಲಿಪಿ ಒಂದು. ಕ್ರಿ.ಪೂ. 1800ರಿಂದ 1450ರ ಸುಮಾರಿನವರೆಗೆ ನಡೆದ ಗೆರೆಗಳ ಲಿಪಿ ಇನ್ನೊಂದು. ಅದಕ್ಕೆ ಇವಾನ್ಸ್ ಲೀನಿಯರ್ ಎ ಎಂದು ಹೆಸರಿಟ್ಟರು. ಅದರಿಂದಲೇ ಕವಲೊಡೆದ, ಆಮೇಲಿನ ಕಾಲದ ಮೂರನೆಯದು ಲೀನಿಯರ್ ಬಿ. ಎರಡೂ ಗೆರೆಲಿಪಿಗಳ ಹಲಗೆಗಳು ಹಸಿಮಣ್ಣಿನವು, ಬೆಂಕಿಯಲ್ಲಿ ಸುಡದೆ ಹಾಗೇ ಒಣಗಿಸಿದವು. ವರ್ಷದ ಲೆಕ್ಕ ಮುಗಿದರೆ ನೀರು ಹಾಕಿ ಕಲಸಿ ಮತ್ತೆ ಬಳಸಬಹುದಿತ್ತು. ಅರಮನೆಗಳಿಗೆ ಬೆಂಕಿ ಬಿದ್ದಾಗ ಅವು ಇಟ್ಟಿಗೆಯಂತೆ ಬೆಂದು ಗಟ್ಟಿಯಾದವು. ಮನೆ ಸುಟ್ಟಿದ್ದರಿಂದಲೇ ಮನೆಯ ಲೆಕ್ಕ ಉಳಿಯಿತು.

ಇವಾನ್ಸ್ ಅವರ ಮನಸ್ಸಿನಲ್ಲಿ ಒಂದು ತೀರ್ಮಾನ ಮೊದಲೇ ಕೂತಿತ್ತು: ಬರಹ ಯಾವುದಾದರೂ ಭಾಷೆ ಮಿನೋವನ್ನೇ, ಗ್ರೀಕ್ ಅಂತೂ ಅಲ್ಲ. 1941ರಲ್ಲಿ ತೀರಿಕೊಳ್ಳುವವರೆಗೂ ಅವರು ಅದನ್ನು ಬಿಡಲಿಲ್ಲ. ಕ್ನೋಸೊಸ್‌ನ ಲೀನಿಯರ್ ಬಿ ಹಲಗೆಗಳಲ್ಲಿ ಹೆಚ್ಚಿನವು ಅಚ್ಚಾಗಿ ಎಲ್ಲರ ಕೈಗೆ ಸಿಕ್ಕಿದ್ದು 1952ರಲ್ಲಿ.

ಸಿಗರೇಟು ಪೆಟ್ಟಿಗೆಯೊಳಗಿನ ವ್ಯಾಕರಣ

ಲೀನಿಯರ್ ಬಿಯ ಗಂಟನ್ನು ಬಿಡಿಸತೊಡಗಿದವರು ನ್ಯೂಯಾರ್ಕಿನ ಬ್ರೂಕ್ಲಿನ್ ಕಾಲೇಜಿನ ಅಧ್ಯಾಪಕಿ ಆಲಿಸ್ ಕೋಬರ್. ಯುದ್ಧಕಾಲದಲ್ಲಿ ಕಾಗದಕ್ಕೆ ಅಭಾವ. ಶುಭಾಶಯ ಪತ್ರಗಳ ಹಿಂಬದಿ, ಗ್ರಂಥಾಲಯದ ಚೀಟಿ, ಹೀಗೆ ಸಿಕ್ಕಿದ್ದನ್ನೆಲ್ಲ ಕತ್ತರಿಸಿ ಸುಮಾರು 1,80,000 ಚೀಟಿಗಳನ್ನು ಅವರು ಬರೆದು, ಸಿಗರೇಟಿನ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟರು. ಯಾವ ಚಿಹ್ನೆ ಯಾವುದರ ಪಕ್ಕದಲ್ಲಿ ಎಷ್ಟು ಸಲ ಬರುತ್ತದೆ, ಪದದ ತಲೆಯಲ್ಲೋ ಬಾಲದಲ್ಲೋ ಎಂಬ ಎಣಿಕೆ ಮಾತ್ರ. ಇದು ಯಾವ ಭಾಷೆ ಎಂದು ಊಹಿಸಲು ಅವರು ಒಪ್ಪಲೇ ಇಲ್ಲ. ಮೊದಲು ಬರಹ ತಾನು ಏನು ಮಾಡುತ್ತಿದೆ ಎಂದು ತೋರಿಸಲಿ, ಹೆಸರು ಆಮೇಲೆ ಎಂಬುದು ಅವರ ಹಟ.

ಅವರು ಕಂಡುಕೊಂಡದ್ದನ್ನು ಕನ್ನಡದಲ್ಲಿ ಹೇಳುವುದು ಸುಲಭ. ನಮ್ಮ ಕಾಗುಣಿತದಲ್ಲಿ ಡ, ಡಿ, ಡು ಮೂರಕ್ಕೂ ಮೈ ಒಂದೇ. ಕೊಂಬು, ಗುಡಿಸು ಮಾತ್ರ ಬೇರೆ. ಕ್ರೀಟಿನ ಲಿಪಿಯಲ್ಲೂ ಒಂದು ಚಿಹ್ನೆಗೆ ಒಂದು ಗುಣಿತಾಕ್ಷರ. ಆದರೆ ಡ ಒಂದು ಆಕಾರ, ಡಿ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಆಕಾರ, ಡು ಮತ್ತೂ ಬೇರೆ. ಈಗ ಕನ್ನಡ ಬಾರದವನೊಬ್ಬ ಅಂಥ ಲಿಪಿಯಲ್ಲಿ ಕಾಡು, ಕಾಡಿಗೆ, ಕಾಡಲ್ಲಿ; ನಾಡು, ನಾಡಿಗೆ, ನಾಡಲ್ಲಿ ಎಂಬ ಪದಗಳನ್ನು ಎದುರಿಗಿಟ್ಟುಕೊಂಡಿದ್ದಾನೆ ಅನ್ನಿ. ಪದದ ಮೊದಲು ಹಾಗೇ ಉಳಿದು ಮುಂದಿನ ಚಿಹ್ನೆ ಮೂರು ಬಗೆಯಾಗಿ ಬದಲಾಗುವುದು ಅವನಿಗೆ ಕಾಣುತ್ತದೆ. ಬದಲಾಗುವ ಈ ಮೂರು ಚಿಹ್ನೆಗಳಲ್ಲಿ ವ್ಯಂಜನ ಒಂದೇ, ಸ್ವರ ಮಾತ್ರ ಬೇರೆ ಎಂದು, ಒಂದು ಅಕ್ಷರವನ್ನೂ ಉಚ್ಚರಿಸದೆ, ಅವನು ಹೇಳಬಲ್ಲ. ಕೋಬರ್ ಹೇಳಿದ್ದು ಇದನ್ನೇ. ಅಲ್ಲಿದ್ದುದು ವಿಭಕ್ತಿ ಪ್ರತ್ಯಯ ಹತ್ತುವ ಭಾಷೆ. 1950ರಲ್ಲಿ, 43ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಉತ್ತರ ನೋಡಲು ಇನ್ನೆರಡು ವರ್ಷ ಉಳಿಯಲಿಲ್ಲ.

ಉತ್ತರ ಕಂಡವರು ಮೈಕಲ್ ವೆಂಟ್ರಿಸ್, ಕಸುಬಿನಲ್ಲಿ ವಾಸ್ತುಶಿಲ್ಪಿ. 1936ರಲ್ಲಿ, 14 ವರ್ಷದ ಹುಡುಗನಾಗಿ, ಲಂಡನ್ನಿನ ಒಂದು ಪ್ರದರ್ಶನದಲ್ಲಿ ಮುದುಕ ಇವಾನ್ಸ್ ಮಾತಾಡಿದ್ದನ್ನು ಕೇಳಿದ್ದರು. ಹದಿನೆಂಟಕ್ಕೇ ಒಂದು ಅಮೆರಿಕನ್ ವಿದ್ವತ್ಪತ್ರಿಕೆಯಲ್ಲಿ ಲೇಖನ ಬರೆದರು. ಭಾಷೆ ಎಟ್ರುಸ್ಕನ್ನಿನ ಬಂಧು ಎಂಬುದು ಅದರ ವಾದ. ಮುಂದೆ ಹನ್ನೆರಡು ವರ್ಷ ಆ ನಂಬಿಕೆಯನ್ನು ಹೊತ್ತುಕೊಂಡೇ ಕೋಬರ್ ಹಾದಿಯಲ್ಲಿ ಚಿಹ್ನೆಗಳ ಕೋಷ್ಟಕ ಕಟ್ಟುತ್ತಾ ಹೋದರು. 1952ರಲ್ಲಿ, ಆ ಮೂರು ರೂಪದ ಪದಗಳಲ್ಲಿ ಕೆಲವು ಕ್ರೀಟಿನ ಊರುಗಳಿರಬಹುದೇ ಎಂದು ಅಮ್ನಿಸೊಸ್, ಕ್ನೋಸೊಸ್ ಹೆಸರುಗಳನ್ನು ಇಟ್ಟು ನೋಡಿದರು. ಕೋಷ್ಟಕದ ಮನೆಗಳು ಒಂದೊಂದಾಗಿ ತುಂಬಿದವು. ಹೊರಬಂದ ಪದಗಳು ಗ್ರೀಕ್! ಆ ಸಾಧ್ಯತೆಯನ್ನು ಗೆಳೆಯ ವಿದ್ವಾಂಸರಿಗೆ ಬರೆದು ತಿಳಿಸಿದ ಟಿಪ್ಪಣಿಯಲ್ಲಿ ಅದನ್ನವರು ಒಂದು ಹುಡುಗಾಟದ ಅಡ್ಡಮಾತು ಎಂಬಂತೆ ಮಂಡಿಸಿದ್ದರು. ಜುಲೈ 1ರಂದು ಬಿಬಿಸಿ ರೇಡಿಯೊದಲ್ಲಿ ಗಟ್ಟಿಯಾಗಿಯೇ ಹೇಳಿದರು. ಮರುವರ್ಷ, ಗ್ರೀಸಿನ ಪೈಲೊಸ್‌ನಲ್ಲಿ ಸಿಕ್ಕ ಹಲಗೆಯೊಂದರಲ್ಲಿ ಮೂರು ಕಾಲಿನ ಪಾತ್ರೆಯ ಚಿತ್ರದ ಪಕ್ಕದಲ್ಲೇ ‘ತಿ-ರಿ-ಪೊ’ ಎಂದು ಓದಲು ಬಂತು. ಆಮೇಲೆ ಅನುಮಾನಕ್ಕೆ ಎಡೆ ಉಳಿಯಲಿಲ್ಲ.

ಲೀನಿಯರ್ ಬಿ ಗ್ರೀಕಾಯಿತು. ಹಾಗಾದರೆ ಅದರ ತಾಯಿ ಲೀನಿಯರ್ ಎ?

ಓದು ಬಂತು, ಅರ್ಥ ಬರಲಿಲ್ಲ

ಮಂಗಳೂರಿನಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಂಕಣಿ ಪುಸ್ತಕವೊಂದನ್ನು ಕೊಂಕಣಿ ಗೊತ್ತಿಲ್ಲದ ಕನ್ನಡಿಗನ ಕೈಗೆ ಕೊಡಿ. ತಡವರಿಸದೆ ಓದುತ್ತಾನೆ. ಏನು ಓದಿದೆ ಎಂದು ಕೇಳಿದರೆ ಮುಖ ನೋಡುತ್ತಾನೆ. ಲೀನಿಯರ್ ಎ ಮುಂದೆ ಇಡೀ ಜಗತ್ತಿನ ಪಾಡು ಇದೇ. ಗ್ರೀಕರು ತಮ್ಮ ಮಾತು ಬರೆಯಲು ಮಿನೋವನ್ನರ ಲಿಪಿಯನ್ನು ಕಡ ತಂದರು. ಎರಡರಲ್ಲೂ ಹತ್ತಾರು ಚಿಹ್ನೆಗಳ ಆಕಾರ ಒಂದೇ. ಬಿ ಲಿಪಿಯ ಉಚ್ಚಾರವನ್ನು ಎ ಲಿಪಿಯ ಮೇಲೆ ಹಚ್ಚಿದರೆ ಪ-ಇ-ತೊ ಎಂಬ ಪದ ಬರುತ್ತದೆ. ಅದು ಫೈಸ್ಟೊಸ್, ಹಾಗಿಯಾ ತ್ರಿಯಾದದ ನೆರೆಯೂರು. ಸು-ಕಿ-ರಿ-ತ ಎಂದು ಬರುತ್ತದೆ. ಅದು ಸಿಬ್ರಿತ, ಕ್ರೀಟಿನದೇ ಇನ್ನೊಂದು ಊರು. ಕೀಲಿ ತಿರುಗುತ್ತದೆ, ಬಾಗಿಲು ತೆರೆಯುತ್ತದೆ, ಒಳಗೆ ಕತ್ತಲೆ.

ಕತ್ತಲೆಗೆ ಕಾರಣ ಸರಳ. ಇದುವರೆಗೆ ಸಿಕ್ಕ ಲೀನಿಯರ್ ಎ ಬರಹಗಳು ಸುಮಾರು 1,400. ಅವುಗಳಲ್ಲಿ ಬಹುಪಾಲು ಒಂದೆರಡು ಚಿಹ್ನೆಯ ಚೂರುಗಳು. ಎಲ್ಲ ಕೂಡಿಸಿದರೂ 7,400ರ ಆಸುಪಾಸಿನಷ್ಟು ಚಿಹ್ನೆ. ಈ ಒಂದು ಪುರವಣಿ ಲೇಖನದಷ್ಟೂ ಇಲ್ಲ. ಇದ್ದುದರಲ್ಲೂ ಹೆಚ್ಚಿನದು ಹೆಸರು, ಸಂಖ್ಯೆ, ಸರಕಿನ ಗುರುತು. ಲೆಕ್ಕದ ಚೀಟಿಯಲ್ಲಿ ಕ್ರಿಯಾಪದ ಎಲ್ಲಿಂದ ಬರಬೇಕು?

ಲೆಕ್ಕದ ಹೊರಗೆ ಇರುವುದು ಹರಕೆಯ ಬರಹ. ಬೆಟ್ಟದ ನೆತ್ತಿಯ ಗುಡಿಗಳಲ್ಲಿ ಮಿನೋವನ್ನರು ಕಲ್ಲಿನ ಅರ್ಪಣೆ ಪೀಠಗಳನ್ನು ಇಡುತ್ತಿದ್ದರು. ಅವುಗಳ ಅಂಚಿನಲ್ಲಿ ಒಂದೇ ಮಂತ್ರದಂತೆ ಕೆಲವು ಪದಗಳು ಮರಳಿ ಮರಳಿ ಬರುತ್ತವೆ. ಒಂದು ಕಡೆ ಅ-ಸ-ಸ-ರ-ಮೆ, ಇನ್ನೊಂದು ಕಡೆ ಯ-ಸ-ಸ-ರ-ಮೆ. ಪದದ ತಲೆಗೇ ಏನೋ ಅಂಟುತ್ತದೆ ಎಂಬುದು ಸ್ಪಷ್ಟ. ಏನು, ಏಕೆ ಎಂಬುದು ಅಸ್ಪಷ್ಟ. ಬರಹದಲ್ಲಿ ಅ, ಇ, ಉ ಸ್ವರಗಳದೇ ದರ್ಬಾರು, ಒಕಾರ ಅಪರೂಪ. ಈ ಭಾಷೆಯ ವ್ಯಾಕರಣವೆಂದು ಧೈರ್ಯವಾಗಿ ಹೇಳಬಹುದಾದದ್ದು ಹೆಚ್ಚುಕಡಿಮೆ ಇಂಥ ನಾಲ್ಕಾರು ಮಾತು.

ಕಂಡವರಿಗೆ ಕಂಡಷ್ಟು

ಅ-ಸ-ಸ-ರ-ಮೆಯನ್ನೇ ತೆಗೆದುಕೊಳ್ಳಿ. ಆಕ್ಸ್‌ಫರ್ಡಿನ ಲೆನರ್ಡ್ ಪಾಮರ್‌ಗೆ ಅದರಲ್ಲಿ ಹಿಟ್ಟೈಟ್ ಭಾಷೆಯ ‘ಇಶ್ಹಶ್ಶರ’ ಕೇಳಿಸಿತು. ‘ಒಡತಿ’ ಎಂದು ಅದರ ಅರ್ಥ. ಹಾಗಾದರೆ ಮಿನೋವನ್ ಭಾಷೆ ಹಿಟ್ಟೈಟಿನ ತಂಗಿ ಲೂವಿಯನ್ನಿನ ಬಳಗ. ಸೆಮಿಟಿಕ್ ವಾದದವರಿಗೆ ಅದೇ ಪದದಲ್ಲಿ ಕಾನಾನ್ ನಾಡಿನ ದೇವಿ ಅಶೇರಾ ಕಂಡಳು. ದೇವಿಯೇನೋ ಇಬ್ಬರಿಗೂ ದಕ್ಕಿದಳು. ಅವಳ ತವರು ಯಾವುದು ಎಂಬಲ್ಲಿ ಜಗಳ.

ಸೆಮಿಟಿಕ್ ಪಕ್ಷದ ದೊಡ್ಡ ವಕೀಲರು ಅಮೆರಿಕದ ಸೈರಸ್ ಗಾರ್ಡನ್. 1957ರಿಂದ ಅವರು ಈ ವಾದ ಹೂಡಿದರು. ಕು-ರೊ ಅವರಿಗೆ ಸೆಮಿಟಿಕ್ ಭಾಷೆಗಳ ‘ಕುಲ್’, ಅಂದರೆ ‘ಎಲ್ಲ, ಒಟ್ಟು’. ಅರಬ್ಬಿಯಿಂದ ಹಿಂದಿ-ಉರ್ದುವಿಗೆ ಬಂದ ‘ಕುಲ್’ ಕೂಡ ಇದೇ. ಲಿಪಿಯಲ್ಲಿ ರ-ಲ ಎರಡಕ್ಕೂ ಒಂದೇ ಚಿಹ್ನೆಯಾದ್ದರಿಂದ ಕು-ರೊವನ್ನು ಕು-ಲೊ ಎಂದೂ ಓದಬಹುದು. ಇನ್ನೊಂದು ಹಲಗೆಯಲ್ಲಿ ಪಾತ್ರೆಗಳ ಚಿತ್ರಗಳಿದ್ದು ಅವುಗಳ ಮೇಲೆ ಸು-ಪು, ಕ-ರೊ-ಪ, ಸು-ಪ-ರ ಎಂಬ ಹೆಸರುಗಳಿವೆ. ಸಿರಿಯಾ ತೀರದ ಉಗಾರಿಟ್ ಪಟ್ಟಣದ ಭಾಷೆಯಲ್ಲಿ ಇವನ್ನು ಹೋಲುವ ಪಾತ್ರೆಯ ಹೆಸರುಗಳಿದ್ದವು. ಗಾರ್ಡನ್ ವಾದದಲ್ಲಿ ಗಟ್ಟಿಯಾದ ತುಂಡು ಇದು.

ಆದರೆ ಪಾತ್ರೆಗಳು ಹಡಗು ಹತ್ತುತ್ತವೆ, ಹೆಸರನ್ನೂ ಜೊತೆಗೆ ಒಯ್ಯುತ್ತವೆ. ನಮ್ಮ ಅಡುಗೆಮನೆಯಲ್ಲಿ ಕುಕ್ಕರ್, ಪ್ಲೇಟ್, ಕಪ್ಪು, ಮಿಕ್ಸಿ, ಬಚ್ಚಲಲ್ಲಿ ಬಕೆಟ್ಟು, ಮಗ್ಗು. ಮೂರು ಸಾವಿರ ವರ್ಷದ ಮೇಲೆ ಯಾರಿಗಾದರೂ ಈ ಪಟ್ಟಿಯೊಂದೇ ಸಿಕ್ಕಿದರೆ ಕನ್ನಡ ಇಂಗ್ಲಿಷಿನ ಮಗಳು ಎಂದು ಬರೆದಾರು.

ನಾನೂ ಆಡಿದ ಆಟ

ಪರರನ್ನು ನೋಡಿ ನಗುವ ಮೊದಲು ನಾನೂ ಒಂದು ಸಂಜೆ ಕಿಟ್ಟೆಲ್ ನಿಘಂಟನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಇವಾನ್ಸ್ ಕ್ರೀಟಿಗೆ ಬಂದ 1894ರಲ್ಲೇ ಈ ನಿಘಂಟೂ ಹೊರಬಂದದ್ದು. ಕು-ರೊ ಎಂದರೆ ಒಟ್ಟು. ಕನ್ನಡದಲ್ಲಿ ಲೆಕ್ಕ ಒಟ್ಟು ಮಾಡುವುದಕ್ಕೆ ಏನನ್ನುತ್ತೇವೆ? ಕೂಡು. ಎದೆ ಸ್ವಲ್ಪ ಹೊಡೆದುಕೊಂಡಿತು. ಕಿ-ರೊ ಎಂಬ ಇನ್ನೊಂದು ಲೆಕ್ಕದ ಪದವಿದೆ, ಬಾಕಿ ಅಥವಾ ಕೊರತೆ ಎಂದು ಹಲವರ ಎಣಿಕೆ. ನಮ್ಮಲ್ಲಿ ಕಿರು, ಕಿರಿದು. ‘ಒಟ್ಟಾರೆ ಮೊತ್ತ’ಕ್ಕೆ ಮಿನೋವನ್ ಗುಮಾಸ್ತರು ಪೊ-ತೊ-ಕು-ರೊ ಎಂದು ಬರೆಯುತ್ತಿದ್ದರು. ತಮಿಳಿನಲ್ಲಿ ‘ಪೊದು’ ಎಂದರೆ ಎಲ್ಲರದು, ಸಾಮಾನ್ಯ. ಇನ್ನು ಅ-ಸ-ಸ-ರ-ಮೆ: ಆಸರೆಯ ಅಮ್ಮ! ಕಾಫಿ ಆರುವುದರೊಳಗೆ ನಾಲ್ಕು ಪದ ಗೆದ್ದಿದ್ದೆ. ಗಾರ್ಡನ್ ಪಟ್ಟಿಗಿಂತ ನನ್ನದೇನು ಕಡಿಮೆ?

ಕಡಿಮೆಯಿರಲಿಲ್ಲ, ಎರಡೂ ಒಂದೇ ತೂಕದವು. ತಪ್ಪು ಇರುವುದೂ ಅಲ್ಲೇ. ಆ ಲಿಪಿಯಲ್ಲಿ ಕ, ಖ, ಗ ಮೂರಕ್ಕೂ ಒಂದೇ ಚಿಹ್ನೆ. ರ, ಲ ಒಂದೇ. ಹ್ರಸ್ವ ದೀರ್ಘದ ಭೇದವಿಲ್ಲ. ಕು-ರೊ ಎಂಬ ಎರಡು ಚಿಹ್ನೆಯೊಳಗೆ ಕುರು, ಕುಲ, ಗುರು, ಕೂಲಿ, ಕೂಳು, ಗುಳ್ಳೆ ಯಾವುದನ್ನು ಬೇಕಾದರೂ ತುಂಬಬಹುದು. ಬಲೆಯ ಕಣ್ಣು ಇಷ್ಟು ದೊಡ್ಡದಾದರೆ ಯಾವ ಕೆರೆಯಲ್ಲಿ ಬೀಸಿದರೂ ಮೀನು ಸಿಕ್ಕಿದಂತೆ ತೋರುತ್ತದೆ. ಸಾಲದ್ದಕ್ಕೆ, ಮೂರೂವರೆ ಸಾವಿರ ವರ್ಷ ಹಿಂದಿನ ಪದದ ಪಕ್ಕದಲ್ಲಿ ನಾನು ಇಟ್ಟಿದ್ದು ಇವತ್ತಿನ ಕನ್ನಡ. ‘ಕಿರು’ ಹಳಗನ್ನಡದಲ್ಲಿ ಶಕಟರೇಫದ ‘ಕಿಱು’. ‘ಆಸರೆ’ ಸಂಸ್ಕೃತದ ‘ಆಶ್ರಯ’ದಿಂದ ಬಂದ ತದ್ಭವ. ನನ್ನ ಗೆಲುವಿನ ಕಾಲು ಭಾಗ ಅಲ್ಲಿಗೇ ಬಿದ್ದುಹೋಯಿತು.

ಭಾಷೆಗಳ ನಂಟು ಪದಗಳು ಹೋಲುವುದರಲ್ಲಿಲ್ಲ, ನಿಯಮದಂತೆ ಬೇರೆಯಾಗುವುದರಲ್ಲಿದೆ. ತಮಿಳಿನ ಪಾಲ್ ನಮ್ಮಲ್ಲಿ ಹಾಲು, ಪುಲಿ ಹುಲಿ, ಪಲ್ ಹಲ್ಲು, ಪೆಣ್ ಹೆಣ್ಣು. ಅಲ್ಲಿ ಪಕಾರವಿದ್ದಲ್ಲಿ ಇಲ್ಲಿ ಹಕಾರ, ಸಾಲು ಸಾಲಾಗಿ. ಹೀಗೆ ತಪ್ಪದೆ ನಡೆಯುವ ವ್ಯತ್ಯಾಸ ಆಕಸ್ಮಿಕವಲ್ಲ. ಮಿನೋವನ್ ವಿಷಯದಲ್ಲಿ ಲೂವಿಯನ್, ಸೆಮಿಟಿಕ್ ವಾದ ಮಾಡಿದ ಯಾರಿಗೂ ಇಂಥ ಸಾಲು ಸಿಕ್ಕಿಲ್ಲ. ಸಿಗಲು ಪದಗಳ ಅರ್ಥ ಗೊತ್ತಿರಬೇಕಲ್ಲ!

ದ್ರಾವಿಡದ ಆಸೆ ನನ್ನೊಬ್ಬನದೇ ಅಲ್ಲ. ಮುಂಬೈಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿದ್ದ ಸ್ಪೇನ್ ಮೂಲದ ಪಾದ್ರಿ ಹೆನ್ರಿ ಹೆರಾಸ್ ಮೊಹೆಂಜೊದಾರೊ ಮುದ್ರೆಗಳನ್ನು ದ್ರಾವಿಡವೆಂದು ಓದಿದರು. 1953ರ ತಮ್ಮ ದೊಡ್ಡ ಗ್ರಂಥದಲ್ಲಿ ಆ ಸಂಸ್ಕೃತಿಯನ್ನು ಮೆಡಿಟರೇನಿಯನ್ ತೀರದವರೆಗೆ ಹಬ್ಬಿಸಿದರು. ಸುನೀತಿ ಕುಮಾರ್ ಚಟರ್ಜಿಯವರಂಥ ಭಾಷಾವಿಜ್ಞಾನಿಯನ್ನೂ ಒಂದು ಹೆಸರು ಸೆಳೆಯಿತು. ಅನಾತೋಲಿಯಾದ ಲಿಸಿಯನ್ನರು ಕ್ರೀಟಿನಿಂದ ಬಂದವರು, ಅವರಿಗೆ ‘ತೆರ್ಮಿಲೆ’ ಎಂದು ಹೆಸರಿತ್ತು ಎಂದು ಹೆರೊಡೋಟಸ್ ಬರೆದಿದ್ದಾನೆ. ಅದಕ್ಕೂ ‘ದ್ರಮಿಳ’ಕ್ಕೂ ನಂಟಿರಬಹುದೇ ಎಂದು ಚಟರ್ಜಿ ಊಹಿಸಿದ್ದರು. ಆದರೆ ಲಿಸಿಯನ್ ಭಾಷೆಯ ಶಾಸನಗಳು ಓದಿಗೆ ಒಗ್ಗಿದಾಗ ಅದು ಲೂವಿಯನ್ನಿನ ಹತ್ತಿರದ ಸಂಬಂಧಿ ಎಂದಾಯಿತು. ಹೆಸರು ಹೋಲಿತ್ತು, ವ್ಯಾಕರಣ ಹೋಲಲಿಲ್ಲ.

ಕನ್ನಡಕ್ಕೂ ಇಂಥದೇ ಒಂದು ಪ್ರಸಂಗವಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕು 1903ರಲ್ಲಿ ಅಚ್ಚಾದ 413ನೇ ಪಪೈರಸ್ ಒಂದು ಗ್ರೀಕ್ ಪ್ರಹಸನ. ಅದರಲ್ಲಿ ಭಾರತದ ಕರಾವಳಿಯ ರಾಜನೂ ಅವನ ಪರಿವಾರವೂ ಗ್ರೀಕಲ್ಲದ ಮಾತಾಡುತ್ತಾರೆ. ಅದು ಕನ್ನಡ ಎಂದು 1904ರಲ್ಲಿ ಜರ್ಮನಿಯ ಹುಲ್ಟ್‌ಶ್ ಹೇಳಿದರು. ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಅವರಂಥವರು ಮುಂದುವರಿಸಿ ಓದಿದರು. 1926ರಲ್ಲಿ ಬಾರ್ನೆಟ್ ಎಂಬ ವಿದ್ವಾಂಸರು ಅದನ್ನು ಒಪ್ಪಲಿಲ್ಲ. ಒಂದೆರಡು ಪದ ಕಿವಿಗೆ ಬಿದ್ದು ರೋಮಾಂಚನವಾಗುವುದು ಮನುಷ್ಯ ಸಹಜ. ಆ ರೋಮಾಂಚನ ಸಾಕ್ಷಿಯಲ್ಲ, ಹುಡುಕಲು ಒಂದು ನೆಪ ಅಷ್ಟೇ.

ಊರಹೆಸರು ಉಳಿಸಿದ್ದು

ಭಾಷೆ ಅಳಿದರೂ ಊರಹೆಸರು ಬೇಗ ಅಳಿಯುವುದಿಲ್ಲ. ಮಹಾರಾಷ್ಟ್ರದ ಊರಹೆಸರುಗಳಲ್ಲಿ ಕನ್ನಡದ ಕುರುಹುಗಳನ್ನು ಹೆಕ್ಕಿ ಶಂಬಾ ಜೋಶಿಯವರು ‘ಕಣ್ಮರೆಯಾದ ಕನ್ನಡ’ ಬರೆದದ್ದು ನಮಗೆ ಗೊತ್ತೇ ಇದೆ. ಗ್ರೀಸಿನಲ್ಲಿ ಅದೇ ಕೆಲಸವನ್ನು ಕ್ರೆಟ್ಶ್‌ಮರ್ ಎಂಬ ವಿದ್ವಾಂಸರು 1896ರಲ್ಲಿ ಶುರುಮಾಡಿದ್ದರು. ಕ್ನೋಸೊಸ್, ತೈಲಿಸೊಸ್, ಪರ್ನಾಸೊಸ್, ಕೊರಿಂಥೊಸ್, ಲಾಬಿರಿಂಥೊಸ್. ಈ ‘ಸೊಸ್’, ‘ಇಂಥೊಸ್’ ಬಾಲಗಳು ಗ್ರೀಕಿನವಲ್ಲ. ಅನಾತೋಲಿಯಾದಲ್ಲಿ ‘ಅಸ್ಸ’, ‘ಅಂದ’ ಎಂದು ಕೊನೆಯಾಗುವ ಊರುಗಳಿವೆ. ಲೂವಿಯನ್‌ನಲ್ಲಿ ‘ಪರ್ನ’ ಎಂದರೆ ಮನೆ. ಲೂವಿಯನ್ ವಾದಕ್ಕೆ ಬೆನ್ನೆಲುಬು ಇದೇ. ಆದರೆ ಕ್ರೀಟಿನಲ್ಲೂ ಗ್ರೀಸಿನಲ್ಲೂ ಅನಾತೋಲಿಯಾದಲ್ಲೂ ಇರುವ ಆ ಬಾಲಗಳು ಮಿನೋವನ್ನರಿಗೂ ಹಿಂದಿನ ಯಾರದೋ ಆಗಿರಲೂ ಸಾಧ್ಯ.

ಗ್ರೀಕರು ಬಂದ ನಾಡಿನಲ್ಲಿ ಹೊಸದಾಗಿ ಕಂಡದ್ದಕ್ಕೆ ಅಲ್ಲಿಯವರ ಹೆಸರನ್ನೇ ಇಟ್ಟುಕೊಂಡರು. ಸಮುದ್ರಕ್ಕೆ ‘ಥಲಸ್ಸ’, ಸ್ನಾನದ ತೊಟ್ಟಿಗೆ ‘ಅಸಮಿಂಥೊಸ್’, ಒಂದು ಹೂವಿಗೆ ‘ಹಯಕಿಂಥೊಸ್’. ಆ ಹೂವಿನ ಹೆಸರೇ ಲ್ಯಾಟಿನ್, ಇಂಗ್ಲಿಷ್ ಸುತ್ತಿ ಬಂದು ಬೆಂಗಳೂರಿನ ಕೆರೆಗಳನ್ನು ಮುಚ್ಚಿದ ‘ವಾಟರ್ ಹಯಸಿಂತ್’ ಕಳೆಯಾಗಿ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಕ್ನೋಸೊಸ್‌ನ ಲೀನಿಯರ್ ಬಿ ಹಲಗೆಯೊಂದರಲ್ಲಿ ಎಲ್ಲ ದೇವರಿಗೂ ಸೇರಿ ಒಂದು ಕೊಡ ಜೇನು, ‘ಲಾಬಿರಿಂಥೊಸ್‌ನ ಒಡತಿ’ಗೆ ಒಬ್ಬಳಿಗೇ ಒಂದು ಕೊಡ ಜೇನು ಎಂಬ ಲೆಕ್ಕವಿದೆ. ಗ್ರೀಕರ ಆಳ್ವಿಕೆ ಬಂದರೂ ಹಳೆಯ ದೇವಿಗೆ ಸಲ್ಲುವುದು ಸಲ್ಲುತ್ತಿತ್ತು.

2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಾಚೀನ ಡಿಎನ್‌ಎ ಅಧ್ಯಯನವೊಂದು ಬಂತು. ಮಿನೋವನ್ನರ ಪೂರ್ವಜರಲ್ಲಿ ಮುಕ್ಕಾಲಿಗಿಂತ ಹೆಚ್ಚು ಪಾಲು ಪಶ್ಚಿಮ ಅನಾತೋಲಿಯಾ ಮತ್ತು ಏಜಿಯನ್ ತೀರದ ಮೊದಲ ಬೇಸಾಯಗಾರರು ಎಂದು ಅದು ತೋರಿಸಿತು. ಎಲ್ಲಿಂದಲೋ ದಂಡೆತ್ತಿ ಬಂದವರ ಕತೆಗೆ ಅಲ್ಲಿಗೆ ತೆರೆ ಬಿತ್ತು. ಆದರೆ ಅದೇ ಅಧ್ಯಯನ ಮತ್ತೊಂದನ್ನೂ ಹೇಳಿತು: ಗ್ರೀಕ್ ಆಡುತ್ತಿದ್ದ ಮೈಸೀನಿಯ ಜನರ ವಂಶವೂ ಬಹುಪಾಲು ಅದೇ, ಉತ್ತರದ ಕಡೆಯ ಒಂದಿಷ್ಟು ಬೆರಕೆ ಮಾತ್ರ ಹೆಚ್ಚು. ಇಷ್ಟು ಹತ್ತಿರದ ರಕ್ತದವರು ಎರಡು ಭಾಷೆ ಆಡಿದರು. ಎಲುಬನ್ನು ಎಷ್ಟು ಪರೀಕ್ಷಿಸಿದರೂ ನಾಲಿಗೆಯ ಸುದ್ದಿ ಅದರಲ್ಲಿಲ್ಲ.

ಅರ್ಧದ ಲೆಕ್ಕ

ಆ ನುಡಿ ಒಂದೇ ದಿನಕ್ಕೆ ಸತ್ತಿತೆಂದೂ ಅನ್ನಿಸುವುದಿಲ್ಲ. ಕ್ರೀಟಿನ ತೊಂಬತ್ತು ಊರುಗಳಲ್ಲಿ ಹಲವು ಭಾಷೆಗಳು ಬೆರೆತಿದ್ದವೆಂದೂ ಅಲ್ಲಿ ‘ನಿಜ ಕ್ರೀಟರು’ ಇದ್ದರೆಂದೂ ‘ಒಡಿಸ್ಸಿ’ ಹೇಳುತ್ತದೆ. ದ್ವೀಪದ ಪೂರ್ವದ ಪ್ರೈಸೊಸ್, ದ್ರೇರೊಸ್ ಊರುಗಳಲ್ಲಿ, ಮಿನೋವನ್ ಅರಮನೆಗಳು ಬಿದ್ದ ಎಷ್ಟೋ ಶತಮಾನಗಳ ಮೇಲೆ ಗ್ರೀಕ್ ಅಕ್ಷರದಲ್ಲಿ ಕೆತ್ತಿದ, ಆದರೆ ಗ್ರೀಕ್ ಅಲ್ಲದ ಕೆಲವು ಶಾಸನಗಳು ಸಿಕ್ಕಿವೆ. ಅಜ್ಜಿಯ ಮಾತನ್ನು ಮೊಮ್ಮಕ್ಕಳು ಹೊಸ ಅಕ್ಷರದಲ್ಲಿ ಬರೆದುಕೊಂಡಿದ್ದಿರಬಹುದು. ಅದೂ ಓದಲು ಬರುತ್ತದೆ, ಅರ್ಥವಾಗದು.

ಈಚೆಗೆ ಕ್ನೋಸೊಸ್‌ನಲ್ಲಿ ದಂತದ ರಾಜದಂಡವೊಂದು ಸಿಕ್ಕಿದೆ. ಅದರ ಬಳೆ ಮತ್ತು ಹಿಡಿಯ ಮೇಲೆ ನೂರಕ್ಕೂ ಹೆಚ್ಚು ಲೀನಿಯರ್ ಎ ಚಿಹ್ನೆಗಳಿವೆ. ಒಂದೇ ವಸ್ತುವಿನ ಮೇಲೆ ಇಷ್ಟು ಉದ್ದದ ಬರಹ ಇದುವರೆಗೆ ಸಿಕ್ಕಿರಲಿಲ್ಲ. ಅದು ಯಾರ ಭಾಷೆ ಎಂದು ಅಂತರ್ಜಾಲದಲ್ಲಿ ಕೂಗಾಡುವವರಿಗಿಂತ, ಯಾವ ಚಿಹ್ನೆ ಯಾವುದರ ಪಕ್ಕದಲ್ಲಿದೆ ಎಂದು ಎಣಿಸುತ್ತಾ ಕೂತವರಿಂದಲೇ ಅದಕ್ಕೆ ಏನಾದರೂ ಗತಿಯಾದೀತು. ವೆಂಟ್ರಿಸ್ ಎಟ್ರುಸ್ಕನ್ನಿನ ಮೋಹದಲ್ಲೇ ಎಣಿಸುತ್ತಾ ಹೋದರು. ಎಣಿಕೆ ಗ್ರೀಕ್ ಎಂದಾಗ ಮೋಹವನ್ನು ಕೈಬಿಟ್ಟರು. ಕೈಬಿಡಲು ಸಿದ್ಧರಿದ್ದರು, ಅದೇ ದೊಡ್ಡದು.

ಇನ್ನು ಆ ಹಲಗೆಯ ಗುಮಾಸ್ತನ ಲೆಕ್ಕ. 5½, 56, 27½, 18, 19, 5. ಕೂಡಿಸಿ ನೋಡಿ, 131 ಬರುತ್ತದೆ. ಅವನು ಬರೆದದ್ದು 130½. ಅರ್ಧ ಅಳತೆ ದ್ರಾಕ್ಷಾರಸ ಎಲ್ಲಿ ಹೋಯಿತೋ! ಕಣ್ತಪ್ಪಿತೋ, ಸಂಜೆಯಾಗಿತ್ತೋ, ಕುಡಿದವರು ಯಾರೋ. ಅವನು ಮನೆಯಲ್ಲಿ ಅಮ್ಮನನ್ನು ಏನೆಂದು ಕೂಗುತ್ತಿದ್ದ, ಅವನ ಮುತ್ತಜ್ಜಂದಿರು ಯಾವ ತೀರದಿಂದ ದೋಣಿ ಹತ್ತಿದರು, ನಮಗೆ ಗೊತ್ತಿಲ್ಲ. ಅವನ ತಪ್ಪು ಮಾತ್ರ ಗೊತ್ತು. ತಪ್ಪೆಂದು ಗೊತ್ತಾಗಬೇಕಾದರೆ ಕು-ರೊ ಎಂದರೆ ಒಟ್ಟು ಎಂದು ಗೊತ್ತಿರಲೇಬೇಕು. ಆ ಒಂದು ಪದವನ್ನಾದರೂ ನಾವು ಅವನಿಂದಲೇ ಕಲಿತದ್ದು.